ಶಾಲೆಯ ಕಿಟಕಿಯಲ್ಲಿ ಅತ್ತೆ

ನಮ್ಮ ಅತ್ತೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇಷ್ಟು ಓದಿದ ಕೂಡಲೇ ಆಕೆಗೆ ಕೈಮುಗಿಯುವ ಅವಸರ ಮಾಡಬೇಡಿ! ಸತ್ಯವಂತರ ಕಥೆ ಕೇಳುವುದಕ್ಕೆ ಚೆಂದ. ಆದರೆ ಅಂಥವರ ಜೊತೆ ಒಂದೇ ಸೂರಿನ ಕೆಳಗೆ ಬದುಕಿ, ದಿನವೂ ರೊಟ್ಟಿ ತಿಂದವರನ್ನು ಯಾರಾದರೂ ‘ಹೇಗಿತ್ತಪ್ಪಾ?’ ಎಂದು ಕೇಳಿದ್ದಾರೆಯೇ? ನನ್ನನ್ನು ಕೇಳಿ, ಹೇಳುತ್ತೇನೆ. ಆಕೆಯ ಈ ಒಂದು ಗುಣದಿಂದ ಒಂದು ವರ್ಷ ನಮ್ಮ ಮನೆ ಮುಳುಗಿಯೇ ಹೋಯಿತು ಎಂದು ಅಪ್ಪ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಮುಳುಗಲಿಲ್ಲ, ದೇವರ ದಯೆ. ಅದಕ್ಕೇ ಈಗ, ಹಲ್ಲು ಅರ್ಧ ಬಿದ್ದ ವಯಸ್ಸಿನಲ್ಲಿ, ನಾನು ನಗುತ್ತ ಇದನ್ನು ಬರೆಯಲು ಸಾಧ್ಯವಾಗಿದೆ.

ಅತ್ತೆಯೆಂದರೆ ಸೋದರತ್ತೆ, ನಮ್ಮ ಅಪ್ಪನ ಅಕ್ಕ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ನಮ್ಮದು ಎರಡು ಮಗ್ಗದ ಮನೆ. ಒಂದು ಮಗ್ಗದ ಕುಣಿಯಲ್ಲಿ ಅಪ್ಪ, ಇನ್ನೊಂದರಲ್ಲಿ ಅಜ್ಜ, ಒಲೆಯ ಮುಂದೆ ಅವ್ವ, ಎರಡು ಮಗ್ಗಗಳ ನಡುವೆ ನೂಲಿನ ಗಂಟು ಬಿಡಿಸುತ್ತ ಅತ್ತೆ. ಚಿಕ್ಕವಳಿದ್ದಾಗಲೇ ಆಕೆಯನ್ನು ನರಗುಂದಕ್ಕೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ. ಮಕ್ಕಳಿರಲಿಲ್ಲ. ತವರಿಗೆ ಮರಳಿ ಬಂದಳು.

ನಮ್ಮ ಕಡೆ ಒಂದು ರೂಢಿಯುಂಟು. ಸೊಸೆ ಯಾವ ಊರಿಂದ ಬಂದಳೋ ಆ ಊರೇ ಆಕೆಯ ಹೆಸರು. ಕೊಣ್ಣೂರಿಂದ ಬಂದರೆ ಕೊಣ್ಣೂರಾಕಿ, ರೋಣದಿಂದ ಬಂದರೆ ರೋಣದಾಕಿ. ಅತ್ತೆ ನರಗುಂದಕ್ಕೆ ಹೋದಾಗ ಅಲ್ಲಿಯವರು ಗಡದಾಕಿ ಎಂದು ಕರೆದರು. ತವರಿಗೆ ಬಂದ ಮೇಲೆ ನಮ್ಮ ಓಣಿಯವರು ನರಗುಂದದಾಕಿ ಎಂದರು. ತಲೆ ಬೆಳ್ಳಗಾದಂತೆ ಅದೇ ನರಗುಂದದವ್ವ ಆಯಿತು. ಇದ್ದ ಊರಲ್ಲಿ ಇಲ್ಲದ ಊರಿನ ಹೆಸರು, ಹೇಗಿದೆ ನೋಡಿ! ನಮಗೆ ಮಾತ್ರ ಆಕೆ ಅತ್ತಿ.

ಈ ಅತ್ತಿಯ ತಲೆಯಲ್ಲಿ ಇಡೀ ಗಜೇಂದ್ರಗಡದ ಮನೆತನಗಳು ಇದ್ದವು. ಯಾರ ಅಜ್ಜ ಎಲ್ಲಿಂದ ಬಂದ, ಯಾವ ಬೇನೆಯಿಂದ ಸತ್ತ, ಯಾರ ಮನೆಯ ಎಮ್ಮೆ ಯಾರ ಮನೆಯ ಎಮ್ಮೆಯ ಮೊಮ್ಮಗಳು, ಎಲ್ಲ. ತಲೆಯಲ್ಲಿ ಇದ್ದರೆ ಇರಲಿ ಬಿಡಿ, ಯಾರಿಗೆ ತೊಂದರೆ? ಅದು ನೇರ ಬಾಯಿಗೆ ಬರುತ್ತಿತ್ತಲ್ಲ, ಅಲ್ಲಿತ್ತು ಫಜೀತಿ!

ನಮ್ಮ ಪಕ್ಕದ ಮನೆಗೆ ಒಮ್ಮೆ ಕನ್ಯೆ ನೋಡಲು ಬಂದರು. ಗಂಡಿನ ಕಡೆಯ ಹಿರಿಯರೊಬ್ಬರು ಗೋಡೆಗೊರಗಿ, ಮೀಸೆ ಸವರಿ, “ನಮ್ಮದು ಐದು ತಲಿಂದ ಒಕ್ಕಲುತನದ ದೊಡ್ಡ ಮನಿ” ಎಂದರು. ಅತ್ತೆ ಅಲ್ಲೇ ಅಡಕೆ ಕತ್ತರಿಸುತ್ತಿದ್ದಳು.

“ಐದಲ್ರಿ, ಎರಡು” ಎಂದಳು ತಲೆಯೆತ್ತದೆ. “ನಿಮ್ಮಜ್ಜ ನಮ್ಮೂರ ಹಾದಿ ಹಿಡಿದು ಬಂದಾಗ ಮೈಮ್ಯಾಲೆ ಒಂದ ಕಂಬಳಿ ಇತ್ತು. ಅದೂ ನಮ್ಮಜ್ಜ ಹೊದಿಸಿದ್ದು.”

ಹುಡುಗಿಯ ಅಪ್ಪ ಕಣ್ಣುಮುಚ್ಚಿ ಮನೆದೇವರನ್ನು ನೆನೆದ. ಆ ಹಿರಿಯರು ಅತ್ತೆಯನ್ನೇ ನೋಡಿದರು, ನೋಡಿದರು, ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕುಬಿಟ್ಟರು. “ಖರೇ ಐತಿ ಅವ್ವಾ! ಆ ಕಂಬಳಿ ಇನ್ನೂ ನಮ್ಮ ಅಟ್ಟದ ಮ್ಯಾಲೆ ಐತಿ. ಕಳಿಸಿಕೊಡ್ಲೇನು?” ಸಂಬಂಧ ಕುದುರಿತು. ಕುದುರಿದರೂ, ಅಂದಿನಿಂದ ಓಣಿಯಲ್ಲಿ ಯಾರ ಮನೆಗೆ ಬೀಗರು ಬಂದರೂ ಮೊದಲು ಅತ್ತೆಯನ್ನು ಹಿತ್ತಿಲಿಗೆ ಕಳಿಸಿ, ಆಮೇಲೆ ಬೀಗರಿಗೆ ಚಾಪೆ ಹಾಸುವ ಪದ್ಧತಿ ಶುರುವಾಯಿತು.

ಇಂಥವಳ ಕೈಗೆ ಒಂದು ಶಾಲೆ ಸಿಕ್ಕಿತು.

ಅದುವರೆಗೆ ಊರಲ್ಲಿ ಇದ್ದದ್ದು ಐಗಳ ಸಾಲಿ. ಮರಳಿನ ಮೇಲೆ ಬೆರಳು, ಬೆನ್ನಿನ ಮೇಲೆ ಬೆತ್ತ. ನನಗೆ ಏಳೆಂಟು ವರ್ಷವಾಗಿರಬೇಕು, ಆಗ ಧಾರವಾಡದ ಕಡೆಯಿಂದ ಒಬ್ಬ ಹೊಸ ಮಾಸ್ತರರು ಬಂದರು. ಎಳೆಯ ವಯಸ್ಸು, ತಲೆಗಿಂತ ದೊಡ್ಡ ರುಮಾಲು, ಕಂಕುಳಲ್ಲಿ ಒಂದು ದಪ್ಪ ಹಾಜರಿ ಪಟ. ಆ ಪಟದಲ್ಲಿ ಹುಡುಗರ ಹೆಸರು, ತಂದೆಯ ಹೆಸರು, ವಯಸ್ಸು ಎಲ್ಲ ಬರೆಯಬೇಕು ಎಂದು ಮೇಲಿನವರ ಅಪ್ಪಣೆಯಂತೆ. ಸುಲಭವಲ್ಲವೇ? ಮಾಸ್ತರರೂ ಹಾಗೆಯೇ ತಿಳಿದಿದ್ದರು, ಪಾಪ!

“ನಿಮ್ಮಪ್ಪನ ಹೆಸರೇನೋ?” ಎಂದು ಮೊದಲ ಹುಡುಗನನ್ನು ಕೇಳಿದರು.

“ಗೊತ್ತಿಲ್ರಿ.”

“ನಿಮ್ಮವ್ವ ನಿಮ್ಮಪ್ಪಗ ಏನಂತ ಕರೀತಾಳ?”

“‘ಕೇಳಿಸ್ತೇನ್ರಿ’ ಅಂತಾಳ್ರಿ.”

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹೆಂಗಸು ಆಗ ನಮ್ಮ ಊರಲ್ಲಿ ಎಲ್ಲಿದ್ದಳು? ಹುಡುಗರಾದರೂ ಎಲ್ಲಿಂದ ಕಲಿಯಬೇಕು? ಮೂವತ್ತು ಹುಡುಗರಲ್ಲಿ ಅರ್ಧ ಜನರ ತಂದೆಯ ಹೆಸರು ‘ಕೇಳಿಸ್ತೇನ್ರಿ’ ಎಂದೇ ಸರಕಾರದ ಪಟದಲ್ಲಿ ಏರುವುದಿತ್ತು. ಅಷ್ಟರಲ್ಲಿ ನನ್ನ ಕೈಹಿಡಿದು ಅತ್ತೆ ಬಾಗಿಲಿಗೆ ಬಂದಳು.

“ಹುಡುಗನ ವಯಸ್ಸೆಷ್ಟು ತಾಯಿ?”

“ನಮ್ಮ ಕರಿ ಎಮ್ಮಿ ಮೂರನೇ ಸಲ ಈದ ದಿವಸ ಹುಟ್ಟ್ಯಾನ್ರಿ.”

“ಎಮ್ಮಿ ಯಾವಾಗ ಈದಿತ್ತು?”

“ಇವ ಹುಟ್ಟಿದ ದಿವಸ್ರಿ!”

ಮಾಸ್ತರರು ಲೆಕ್ಕಣಿಕೆಯನ್ನು ಕೆಳಗಿಟ್ಟು ಹಣೆ ಒರೆಸಿಕೊಂಡರು. ಅತ್ತೆಗೆ ಅವರ ಮೇಲೆ ಕರುಣೆ ಬಂತು. ಅಲ್ಲೇ ಹೊಸ್ತಿಲಲ್ಲಿ ಕೂತಳು. ಮಲಪ್ರಭಾ ಹೊಳೆ ಉಕ್ಕಿ ಕೊಣ್ಣೂರಲ್ಲಿ ದಾರಿ ಕಟ್ಟಿದ ಮಳೆಗಾಲದಿಂದ ಹಿಡಿದು, ಯಾವ ಹುಡುಗ ಯಾವ ಹುಡುಗನಿಗಿಂತ ಎಷ್ಟು ತಿಂಗಳು ದೊಡ್ಡವನು, ಯಾರ ತೊಟ್ಟಿಲು ಯಾರ ಮನೆಗೆ ಎರವಲು ಹೋಗಿತ್ತು ಎಂದು ಬೆರಳು ಮಡಚುತ್ತ, ಸಂಜೆಯೊಳಗೆ ಮೂವತ್ತು ಹುಡುಗರಿಗೂ ವಯಸ್ಸು ಕೊಟ್ಟಳು, ತಂದೆಯ ಹೆಸರನ್ನೂ ಕೊಟ್ಟಳು. ಪಟ ತುಂಬಿತು. ಊರಲ್ಲಿ ವಯಸ್ಸು ಗೊತ್ತಿಲ್ಲದವರು ಒಬ್ಬರೇ ಉಳಿದರು. ಅದು ಅತ್ತೆ! ಆಕೆಯದನ್ನು ಯಾರೂ ಕೇಳಲಿಲ್ಲ.

ಮಾಸ್ತರರಿಗೆ ಅಂದು ಹೊಸ ಹುಚ್ಚು ಹತ್ತಿತು. ತಾನು ಯಾರೆಂದು ತಿಳಿಯದ ಹುಡುಗನಿಗೆ ಕಾಶಿ ಎಲ್ಲಿದೆ ಎಂದು ಕಲಿಸಿ ಏನು ಪ್ರಯೋಜನ? ಪ್ರತಿ ಶನಿವಾರ ಒಬ್ಬ ಹುಡುಗ ಎದ್ದುನಿಂತು ತನ್ನ ಮನೆತನದ ಕಥೆ ಹೇಳಬೇಕು. ಮನೆಯ ಹಿರಿಯರನ್ನು ಕೇಳಿಕೊಂಡು ಬರಬೇಕು. “ಮನ್ಯಾಗ ಎಲ್ಲಾಕಿಂತ ಹಳೇದು ಏನೈತೋ ಅದನ್ನೂ ತರ್ರಿ” ಎಂದರು. ಮರುವಾರ ಒಬ್ಬ ಹಿತ್ತಾಳೆಯ ಚರಿಗೆ ತಂದ. ಇನ್ನೊಬ್ಬ ಒಡೆದ ಬೀಸುವ ಕಲ್ಲು ಹೊತ್ತು ತಂದ. ಮತ್ತೊಬ್ಬ ತನ್ನ ಅಜ್ಜನನ್ನೇ ಕೈಹಿಡಿದು ಕರೆತಂದ. ಅಜ್ಜ ಸಂಜೆಯವರೆಗೂ ಕೂತು ಮಗ್ಗಿ ಕಲಿತು ಹೋದರು.

ನನ್ನ ಬುತ್ತಿ ತರುವ ನೆಪದಲ್ಲಿ ಅತ್ತೆಯೂ ದಿನಾ ಬರುತ್ತಿದ್ದಳು. ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ನೂಲಿನ ಉಂಡೆ ಮಡಿಲಲ್ಲಿಟ್ಟುಕೊಂಡು ಕೂತರೆ ಮುಗಿಯಿತು, ಸಿಂಹಾಸನ! ಕಾಳಿನ ವ್ಯಾಪಾರದ ಅಡತಿ ಅಂಗಡಿಯ ಸಾವುಕಾರರ ಮಗ ಎದ್ದುನಿಂತು ಎದೆಯುಬ್ಬಿಸಿ, “ನಮ್ಮ ಮುತ್ತಜ್ಜ ಏಳು ಎತ್ತಿನ ಮ್ಯಾಲೆ ಕಾಳು ಹೇರಿಕೊಂಡು ಬಾದಾಮಿ ಕಡಿಂದ ಬಂದ್ರು” ಎಂದ.

“ಏಳಲ್ಲೋ ತಮ್ಮಾ, ಒಂದು” ಎಂದಿತು ಕಿಟಕಿ. “ಅದೂ ಕುಂಟತಿತ್ತು.”

ಇನ್ನೊಬ್ಬ, “ನಮ್ಮಜ್ಜಿ ಭಾಳ ಶಾಂತ ಸ್ವಭಾವದಾಕಿ ಇದ್ಲಂತ್ರಿ” ಎಂದ. ಕಿಟಕಿಯಿಂದ ಮಾತೇನೂ ಬರಲಿಲ್ಲ. ಆದರೆ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಅಲುಗಾಡುತ್ತ ನಕ್ಕದ್ದು, ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡದ್ದು ಎಲ್ಲರಿಗೂ ಕಂಡಿತು. ಆ ಅಜ್ಜಿಯ ಬಗ್ಗೆ ಇನ್ನೇನು ತಿಳಿಯಬೇಕಿತ್ತು?

ಆದರೆ ಹೀಗೂ ಆಯಿತು. ಲಕ್ಕಲಕಟ್ಟಿಯಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗ ತನ್ನ ಸರದಿ ಬಂದಾಗ ತಲೆತಗ್ಗಿಸಿ, “ನಮ್ಮ ಮನ್ಯಾಗ ಹೇಳೂವಂಥದ್ದು ಏನೂ ಇಲ್ರಿ” ಎಂದು ನಿಂತುಬಿಟ್ಟ. “ಯಾಕಿಲ್ಲ?” ಎಂದು ಕಿಟಕಿ ಗುಡುಗಿತು. “ನಮ್ಮ ಓಣಿ ಬಾವಿ ಬತ್ತಿದಾಗ ನಿಮ್ಮಜ್ಜ ತನ್ನ ಹೊಲದ ಬಾವಿ ಬಿಟ್ಟುಕೊಟ್ಟಾನ. ಬಂದವರಿಗೆಲ್ಲಾ ತಾನ ನೀರು ಸೇದಿ ಹಾಕ್ಯಾನ. ನಾ ಕುಡದೀನಿ. ಹೇಳು, ತಲಿ ಎತ್ತಿ ಹೇಳು!” ಆ ಹುಡುಗ ತಲೆಯೆತ್ತಿ ಹೇಳಿದ. ಮರುದಿನದಿಂದ ಶಾಲೆ ಬಿಟ್ಟ ಕೂಡಲೇ ಹುಡುಗರೆಲ್ಲ ಕಟ್ಟೆಗೆ ಮುತ್ತಿಕೊಂಡು, “ನಮ್ಮನಿ ಕಥಿ ಹೇಳು ಅವ್ವಾ, ನಮ್ಮನಿದು ಹೇಳು” ಎಂದು ಕಾಡತೊಡಗಿದರು. ನನಗೆ ಹೊಟ್ಟೆಕಿಚ್ಚು! ನನ್ನ ಅತ್ತೆಯಲ್ಲವೇ ಆಕೆ? ಇನ್ನೂ ಕೆಟ್ಟದ್ದೆಂದರೆ, ಹುಡುಗರಿಗೆಲ್ಲ ಆಕೆಯ ರೋಗ ಹತ್ತಿತು. ಯಾವನಾದರೂ ತನ್ನ ಅಜ್ಜನಿಗೆ ಒಂದು ಕುದುರೆ ಹೆಚ್ಚು ಕೊಟ್ಟರೆ ಮೂವತ್ತು ಬಾಯಿ ಒಟ್ಟಿಗೆ “ಖರೇ ಹೇಳೋ!” ಎಂದು ಕೂಗುತ್ತಿದ್ದವು.

ಸಾವುಕಾರರಿಗೆ ಮಾತ್ರ ಆ ಕುಂಟೆತ್ತು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅವರು ಹೆಳವನನ್ನು ಕರೆತಂದರು. ಹೆಳವರೆಂದರೆ ನಿಮಗೆ ಗೊತ್ತಲ್ಲ, ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬಂದು, ಮನೆಯ ಮುಂದೆ ನಿಂತು ಆ ಮನೆತನದ ತಲೆತಲೆಮಾರಿನ ಹೆಸರು ಹಾಡಿ, ಕಾಳು ಬಟ್ಟೆ ಪಡೆದು ಹೋಗುವವರು. ಊರಲ್ಲಿ ಅವರ ಮಾತೇ ಕೊನೆಯ ಮಾತು. ಹೆಳವ ಶಾಲೆಯ ಅಂಗಳದಲ್ಲಿ ಎತ್ತು ನಿಲ್ಲಿಸಿ, ಸಾವುಕಾರರ ವಂಶದ ಒಂಬತ್ತು ತಲೆಗಳನ್ನು ಒಂದೇ ಉಸಿರಿನಲ್ಲಿ ಹೇಳಿದ. ಇವನ ಮಗ ಅವನು, ಅವನ ಮಗ ಇವನು. ಸಾವುಕಾರರು ಗೆದ್ದೆವು ಎಂಬಂತೆ ಕಿಟಕಿಯ ಕಡೆ ನೋಡಿದರು.

“ಹೆಳವಪ್ಪಾ, ಚಲೋ ಹೇಳಿದಿ” ಎಂದಳು ಅತ್ತೆ. “ಎತ್ತು ಎಷ್ಟು?”

ಹೆಳವ ಸಾವುಕಾರರ ಮುಖ ನೋಡಿದ, ಅತ್ತೆಯ ಮುಖ ನೋಡಿದ. “ನಾವು ಮನಷ್ಯಾರ ವಂಶ ಹೇಳಾವ್ರು ಅವ್ವಾ. ಎತ್ತಿಂದು ಹೇಳಾಂಗಿಲ್ಲ” ಎಂದ.

“ಆತು. ಮನಷ್ಯಾರದ ಹೇಳು. ಈ ಒಂಬತ್ತು ಗಂಡಸರ್ನ ಹಡದಾವ್ರು ಯಾರು? ಹುತ್ತದಾಗಿಂದ ಎದ್ದು ಬಂದ್ರೇನು?”

“ಹೆಣ್ಣುಮಕ್ಕಳ ಹೆಸರು ನಮ್ಮ ಹಾಡಿನಾಗ ಬರಾಂಗಿಲ್ಲ ಅವ್ವಾ” ಎಂದು ಹೆಳವ ಎತ್ತು ತಿರುಗಿಸಿದ. ಆ ವರ್ಷ ಅವನು ನಮ್ಮ ಓಣಿಗೆ ಬರಲೇ ಇಲ್ಲ. ಎತ್ತಿಗೆ ಕಾಲು ನೋವು ಎಂದು ಹೇಳಿಕಳಿಸಿದ.

ಇಷ್ಟೆಲ್ಲ ನಗುತ್ತ ನಡೆದಿದ್ದಾಗಲೇ ನರಗುಂದದ ಗದ್ದಲವಾಯಿತು. ಆ ಕಥೆ ನಿಮಗೆಲ್ಲ ಗೊತ್ತಿರುವುದೇ. ದತ್ತಕಕ್ಕೆ ಒಪ್ಪಿಗೆ ಸಿಗದೆ ಅರಸರು ಕುಂಪಣಿ ಸರಕಾರದ ಮೇಲೆ ತಿರುಗಿಬಿದ್ದರು. ದಂಡು ಬಂತು, ಕೋಟೆ ಹೋಯಿತು, ಜನ ದಿಕ್ಕಾಪಾಲಾದರು. ನರಗುಂದದವರನ್ನು ಊರೂರು ಹುಡುಕಿ ಹಿಡಿಯುತ್ತಿದ್ದಾರಂತೆ ಎಂಬ ಸುದ್ದಿ ಸಂತೆಯಿಂದ ಸಂತೆಗೆ ಓಡಾಡಿತು. ಖರೆಯೋ ಸುಳ್ಳೋ ಯಾರಿಗೆ ಗೊತ್ತು? ಆದರೆ ನಮ್ಮ ಅಪ್ಪನಿಗೆ ಅಷ್ಟು ಸಾಕಾಯಿತು. ಅಪ್ಪ ಎಂಥವನೆಂದರೆ, ಎಳೆ ಕಡಿದರೂ ಬೆವರುವವನು. ಅತ್ತೆಯ ಗಂಡನ ಮನೆಯವರು ಕೋಟೆಯ ಜನರಿಗೆ ರುಮಾಲು ನೇಯ್ದು ಕೊಡುತ್ತಿದ್ದರು. ಅವರೆಲ್ಲ ಸತ್ತು ಹೋಗಿ ಎಷ್ಟೋ ವರ್ಷವಾಗಿತ್ತು. “ಆದರೇನಾತು? ತಲಿ ಹುಡುಕಾವ್ರು ರುಮಾಲು ಬಿಡ್ತಾರೇನು?” ಎಂದು ಅಪ್ಪ ಹಲ್ಲು ಕಟಕಟ ಅನ್ನಿಸಿದ.

ಅಡಗಿಸುವುದಾದರೂ ಹೇಗೆ? ಇಡೀ ಊರು ದಿನಕ್ಕೆ ನೂರು ಸಲ ಆಕೆಯನ್ನು ಕೂಗುವುದೇ ‘ನರಗುಂದದವ್ವ’ ಎಂದು! ಅಪ್ಪ ಮನೆಮನೆಗೆ ಹೋಗಿ ಕೈಮುಗಿದು, ಇನ್ನು ಮುಂದೆ ಲಕ್ಕಲಕಟ್ಟಿ ಅವ್ವ ಅನ್ನಿರಿ ಎಂದು ಬೇಡಿಕೊಂಡ. ಜನ ಒಪ್ಪಿದರು. ಆದರೆ ಅತ್ತೆ ‘ಓ’ ಎನ್ನಬೇಕಲ್ಲ! “ಲಕ್ಕಲಕಟ್ಟಿ ಅವ್ವಾ” ಎಂದು ಕೂಗಿದರೆ ಆಕೆ ಹಿಂದೆ ತಿರುಗಿ, ‘ಯಾರು ಬಂದ್ರು?’ ಎಂದು ಹುಡುಕುತ್ತಿದ್ದಳು.

ಅಪ್ಪ ಆಕೆಯನ್ನು ಮಗ್ಗದ ಮುಂದೆ ಕೂರಿಸಿಕೊಂಡು ಪಾಠ ಹೇಳಿದ. ಅದನ್ನು ನಾನು ಕಣ್ಣಾರೆ ನೋಡಿದೆ.

“ಅಕ್ಕಾ, ನಿನ್ನ ಗಂಡನ ಮನಿ ಯಾವೂರು?”

“ನರ… ಲಕ್ಕಲಕಟ್ಟಿ.”

“ಚಲೋ! ಈಗ ಹೇಳು, ಊರು ಹ್ಯಾಂಗೈತಿ?”

“ಹ್ಯಾಂಗ ಅಂದ್ರ, ಊರ ಹಿಂದ ದೊಡ್ಡ ಗುಡ್ಡ, ಗುಡ್ಡದ ಮ್ಯಾಲೆ ದೊಡ್ಡ ಕೋಟಿ!”

ಅಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮೂರು ಸಂಜೆ ಹೀಗೆ ನಡೆದು, ನಾಲ್ಕನೆಯ ಸಂಜೆ ಒಂದು ತೀರ್ಮಾನವಾಯಿತು. ಸುಳ್ಳು ಹೇಳುವುದು ಬೇಡ. ಯಾರಾದರೂ ಏನಾದರೂ ಕೇಳಿದರೆ ಅತ್ತೆ ಕೆಮ್ಮಬೇಕು, ಅಷ್ಟೇ. ಕೆಮ್ಮು ಸುಳ್ಳಲ್ಲವಲ್ಲ! ಅದನ್ನಂತೂ ಆಕೆ ಮನಸ್ಸಿಟ್ಟು ಕಲಿತಳು. ಎಷ್ಟರಮಟ್ಟಿಗೆ ಎಂದರೆ ನೆರೆಮನೆಯವರು ಶುಂಠಿ ಕಷಾಯ ತಂದುಕೊಟ್ಟರು.

ನನ್ನ ಕಿವಿ ಹಿಡಿದು ಅಪ್ಪ ಬೇರೆಯೇ ಹೇಳಿದ. “ಸಾಲ್ಯಾಗ ಮನಿತನದ ಕಥಿ ಹೇಳೂದು ನಿನ್ನ ಪಾಳಿ ಬರ್ತೈತಿ. ನನ್ನ ಹೇಳು, ಅಜ್ಜನ್ನ ಹೇಳು, ಬೇಕಾದ್ರ ಎಮ್ಮೀನ ಹೇಳು. ಅತ್ತಿ ಸುದ್ದಿ ಮಾತ್ರ ಎತ್ತಬ್ಯಾಡ. ಎತ್ತಿದ್ಯೋ, ಆಕೀನ ಕರಕೊಂಡು ಹೊಕ್ಕಾರ.” ಅಂದು ಊಟಕ್ಕೆ ಅತ್ತೆಯ ಪಕ್ಕಕ್ಕೇ ಒತ್ತಿ ಕೂತೆ. ಅತ್ತೆ ಇಲ್ಲದ ಮನೆಯನ್ನು ನಾನು ಕಲ್ಪಿಸಿಕೊಂಡೇ ಇರಲಿಲ್ಲ. ಹೆದರಿಕೆಯೆಂದರೆ ಏನು ಎಂದು ಮೊದಲ ಸಲ ತಿಳಿಯಿತು.

ಕಿಟಕಿಯ ಕಟ್ಟೆಗೆ ಹೋಗಬಾರದೆಂದು ಅತ್ತೆಗೂ ಅಪ್ಪಣೆಯಾಯಿತು. ಎರಡು ದಿನ ಪಾಲಿಸಿದಳು. ಮೂರನೆಯ ದಿನ ಕಿಟಕಿಯಲ್ಲಿ ಪರಿಚಯದ ಸೆರಗಿನ ತುದಿ ಕಂಡಿತು. “ಮಾತಾಡೂದಿಲ್ಲೋ, ಬರೇ ಕೇಳ್ಕೊಂಡು ಕುಂದರ್ತೀನಿ” ಎಂದು ಪಿಸುಗುಟ್ಟಿದಳು. ನಂಬಿದೆ. ಸುಳ್ಳು ಹೇಳುವವಳಲ್ಲವಲ್ಲ!

ನನ್ನ ಸರದಿಯ ಶನಿವಾರ ಬಂತು. ಅದೇ ದಿನ, ಬೇರೆ ದಿನ ಸಿಗಲಿಲ್ಲವೇನೋ ಎಂಬಂತೆ, ಒಬ್ಬ ಸರಕಾರಿ ಅಧಿಕಾರಿ ಕುದುರೆಯ ಮೇಲೆ ಬಂದಿಳಿದರು. ಹಿಂದೆ ಕೆಂಪು ಪಟ್ಟೆ ಕಟ್ಟಿದ ಇಬ್ಬರು ಸಿಪಾಯಿಗಳು. ಅವರ ನಡುವೆ ಬೀಗ ಹಾಕಿದ ಒಂದು ದೊಡ್ಡ ಪೆಟ್ಟಿಗೆ. ಮಾಸ್ತರರ ಮುಖ ಬಿಳಿಚಿಕೊಂಡಿತು. ಬೇಡಿಗಳನ್ನು ಇಡಲು ಅಷ್ಟು ದೊಡ್ಡ ಪೆಟ್ಟಿಗೆ ಬೇಕೇ ಎಂದು ನಾನು ನಿಂತಲ್ಲೇ ಲೆಕ್ಕ ಹಾಕಿದೆ.

“ಏನು ನಡದದ?” ಎಂದು ಅಧಿಕಾರಿ ಕೇಳಿದರು.

“ಹುಡುಗರು ತಮ್ಮ ಮನಿತನದ ಹಕೀಕತ್ತು ಹೇಳ್ತಾರ್ರಿ” ಎಂದರು ಮಾಸ್ತರರು, ಹೇಳಬಾರದಿತ್ತು ಎಂಬ ಮುಖದಲ್ಲಿ.

“ಅಡ್ಡಿ ಇಲ್ಲ. ನಡೀಲಿ.”

ನಾನು ಶುರುಮಾಡಿದೆ. ಮುತ್ತಜ್ಜ ಇಳಕಲ್ಲಿನ ಕಡೆಯಿಂದ ಒಂದು ನೇಯುವ ಲಾಳಿ ಹಿಡಿದು ಬಂದದ್ದು, ಅಜ್ಜ ಎರಡನೆಯ ಮಗ್ಗ ಹೂಡಿದ್ದು, ಅಪ್ಪ ನೇಯ್ದ ಸೀರೆಯ ಸೆರಗು ರೋಣದ ಸಂತೆಯಲ್ಲಿ ಹೆಸರಾದದ್ದು ಎಲ್ಲ ಹೇಳಿದೆ. ಎಮ್ಮೆಯನ್ನೂ ಹೇಳಿದೆ. ಕಿಟಕಿ ಸುಮ್ಮನಿತ್ತು. ಅದು ಸುಮ್ಮನಿದ್ದದ್ದೇ ನನಗೆ ಸಂಕಟ.

“ಮನ್ಯಾಗ ಇಷ್ಟ ಮಂದಿ ಏನು?” ಎಂದು ಅಧಿಕಾರಿ ಕೇಳಿದರು.

“ಹೌದ್ರಿ” ಎಂದೆ. “ಅಜ್ಜ, ಅಪ್ಪ, ಅವ್ವ, ನಾನು. ಮತ್ತ ಯಾರೂ ಇಲ್ರಿ.”

“ಖರೇ ಹೇಳೋ!” ಎಂದು ಮೂವತ್ತು ಬಾಯಿ ಒಟ್ಟಿಗೆ ಕೂಗಿದವು!

ಅಯ್ಯೋ ದೇವರೇ! ಯಾರು ಕಲಿಸಿದ್ದು ಇವರಿಗೆ? ಅದೇ ಅತ್ತೆಯಲ್ಲವೇ? “ಇವ ಇವರತ್ತೀನ ಬಿಟ್ಟಾನ್ರಿ ಸಾಹೇಬ್ರ! ಸುಳ್ಳು ಹೇಳ್ತಾನ್ರಿ! ಅಗಾ, ಅಲ್ಲೇ ಕುಂತಾಳ್ ನೋಡ್ರಿ!” ಎಂದು ಲಕ್ಕಲಕಟ್ಟಿಯ ಹುಡುಗನೇ ಎಲ್ಲರಿಗಿಂತ ಮೊದಲು ಕಿಟಕಿಗೆ ಬೆರಳು ತೋರಿಸಿದ. ಆಕೆಯ ಮೇಲಿನ ಪ್ರೀತಿಯಿಂದಲೇ ತೋರಿಸಿದ, ಅವನಿಗೇನು ಗೊತ್ತು!

ಅಧಿಕಾರಿ ಕಿಟಕಿಯ ಹತ್ತಿರ ಹೋದರು. “ಯಾವೂರು ತಾಯಿ ನಿಮ್ಮದು?”

ಅತ್ತೆ ಕೆಮ್ಮಿದಳು. ಅಧಿಕಾರಿ ಕಾದರು. ಮತ್ತೆ ಕೆಮ್ಮಿದಳು. ಸಿಪಾಯಿಯೊಬ್ಬ ನೀರು ತಂದುಕೊಟ್ಟ. ಕುಡಿದಳು, ಇನ್ನೊಮ್ಮೆ ಕೆಮ್ಮಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಆಗ ಅಳುತ್ತಿದ್ದೆನಂತೆ. ನನಗೆ ಅದು ಗೊತ್ತೇ ಆಗಿರಲಿಲ್ಲ.

“ಸಾಕಪ್ಪಾ ಈ ಕೆಮ್ಮು” ಎಂದು ಅತ್ತೆ ನೂಲಿನ ಉಂಡೆ ಬದಿಗಿಟ್ಟಳು. “ನನ್ನ ಕೊಟ್ಟದ್ದು ನರಗುಂದಕ್ಕರಿ. ಈ ಹುಡುಗಂದು ತಪ್ಪಿಲ್ಲ. ಮನ್ಯಾಗ ಹೇಳಿಕೊಟ್ಟಾರ, ನನ್ನ ಉಳಿಸಾಕ ಹೇಳ್ಯಾನ. ಹಿಡಕೊಂಡು ಹೋಗೂದಿದ್ರ ನನ್ನ ಹಿಡಕೊಂಡು ಹೋಗ್ರಿ.”

ಮಾಸ್ತರರು ಕಣ್ಣುಮುಚ್ಚಿದರು. ನಾನು ಪೆಟ್ಟಿಗೆಯನ್ನೇ ನೋಡುತ್ತಿದ್ದೆ.

“ನರಗುಂದ?” ಎಂದರು ಅಧಿಕಾರಿ. ರುಮಾಲು ಸರಿಮಾಡಿಕೊಂಡು, ಬಹಳ ಗಂಭೀರವಾಗಿ ಕೇಳಿದರು. “ಅಲ್ಲೆ ಸಾಲಿ ಇತ್ತೇನು ತಾಯಿ? ಎಷ್ಟು ಹುಡುಗರು ಕಲೀತಿದ್ರು?”

ಅತ್ತೆ ಅವರ ಮುಖ ನೋಡಿದಳು, ಸಿಪಾಯಿಗಳ ಮುಖ ನೋಡಿದಳು.

“ಯಾಕ ಅಂಜೀರಿ?” ಎಂದು ಅವರು ನಕ್ಕರು. “ನಾ ಸಾಲಿ ನೋಡಾಂವ, ಕೋಟಿ ನೋಡಾಂವ ಅಲ್ಲ. ನೀವು ಯಾವೂರವರಾದ್ರೂ ನನಗೇನು? ಹುಡುಗರು ಓದ್ತಾರೋ ಇಲ್ಲೋ, ಅಷ್ಟ ನನ್ನ ಕೆಲಸ.” ಸಿಪಾಯಿಗಳು ಪೆಟ್ಟಿಗೆಯ ಬೀಗ ತೆಗೆದರು. ಒಳಗೆ ಏನಿತ್ತು ಅಂತೀರಿ? ಪುಸ್ತಕ! ಹೊಸ ಕನ್ನಡ ಪುಸ್ತಕಗಳು, ಇನ್ನೂ ಮಸಿಯ ವಾಸನೆ ಹೋಗಿರಲಿಲ್ಲ. ನಾನು ನಿಂತಲ್ಲೇ ಧೊಪ್ಪನೆ ಕೂತೆ. ಮಾಸ್ತರರು ರುಮಾಲು ತೆಗೆದು ಅದರಿಂದಲೇ ಮುಖ ಒರೆಸಿಕೊಂಡರು. ಅಷ್ಟು ಹಗುರವಾದ ಉಸಿರನ್ನು ನಾನು ಮುಂದೆ ಜೀವನದಲ್ಲಿ ಎರಡು ಮೂರು ಸಲ ಬಿಟ್ಟಿದ್ದರೆ ಹೆಚ್ಚು.

“ಏಳು, ಹುಡುಗಾ” ಎಂದರು ಅಧಿಕಾರಿ. “ಹಕೀಕತ್ತು ಪೂರಾ ಆಗಿಲ್ಲ. ಬಿಟ್ಟಲ್ಲಿಂದ ಹೇಳು. ನಿಮ್ಮತ್ತಿ ಹೆಸರೇನು?”

ನಾನು ಎದ್ದು ಬಾಯಿ ತೆರೆದೆ. ಹೆಸರು ಬರಲಿಲ್ಲ. ಅತ್ತಿ ಎಂದರೆ ಅತ್ತಿ. ಅಪ್ಪ ಅಕ್ಕಾ ಎನ್ನುತ್ತಾನೆ, ಅಜ್ಜ ಮಗಳೇ ಎನ್ನುತ್ತಾನೆ, ಊರು ಯಾವುದೋ ಊರಿನ ಹೆಸರು ಹಿಡಿದು ಕೂಗುತ್ತದೆ. ಹುಡುಗರ ಕಡೆ ನೋಡಿದೆ. ಒಬ್ಬನಿಗೂ ಗೊತ್ತಿರಲಿಲ್ಲ. ಮಾಸ್ತರರು ನೆಲ ನೋಡಿದರು. ನಮ್ಮೆಲ್ಲರ ಹುಟ್ಟಿದ ದಿನ ನೆನಪಿಟ್ಟವಳು, ನಮ್ಮ ಅಜ್ಜ ಮುತ್ತಜ್ಜರ ಹೆಸರನ್ನು ನಮಗೆ ಕೊಟ್ಟವಳು. ಆಕೆಯ ಹೆಸರನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

“ಅತ್ತೀ” ಎಂದೆ, “ನಿನ್ನ ಹೆಸರೇನು?”

“ನನ್ನ ಹೆಸರಾ?” ಎಂದಳು. ಎಲ್ಲದಕ್ಕೂ ನಾಲಗೆಯ ತುದಿಯಲ್ಲಿ ಉತ್ತರ ಇಟ್ಟುಕೊಂಡಿದ್ದವಳು ಬದಿಗಿಟ್ಟ ನೂಲಿನ ಉಂಡೆಯನ್ನು ಮತ್ತೆ ಮಡಿಲಿಗೆ ತೆಗೆದುಕೊಂಡಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಸಣ್ಣ ಹುಡುಗಿಯ ದನಿಯಲ್ಲಿ ಹೇಳಿದಳು. “ಪುತಳವ್ವ. ನಮ್ಮವ್ವ ಇಟ್ಟಿದ್ಲು. ಆಕಿ ಹೋದ ಮ್ಯಾಲೆ ಯಾರೂ ಕರೀಲಿಲ್ಲ.”

ಮಾಸ್ತರರು ಸುಣ್ಣದ ಕಡ್ಡಿ ತೆಗೆದುಕೊಂಡು ಕರಿ ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಆ ಹೆಸರು ಬರೆದರು. ನಮ್ಮ ಶಾಲೆಯಲ್ಲಿ ಹಲಗೆಯ ಮೇಲೆ ಏನು ಬರೆದರೂ ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಅನ್ನುವುದು ರೂಢಿ. ಯಾರೂ ಹೇಳಲಿಲ್ಲ, ಮೂವತ್ತು ಹುಡುಗರೂ ತಾವಾಗಿಯೇ ರಾಗ ಎಳೆದು ಅಂದರು. “ಪು-ತ-ಳ-ವ್ವ! ಪುತಳವ್ವ!” ಶಾಲೆ ತುಂಬಿ ಹೊರಗೆ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ.

ಅತ್ತೆ ಕಿಟಕಿಯ ಸರಳು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಕೆನ್ನೆಯ ಮೇಲೆ ಇಳಿಯುತ್ತಿದ್ದದ್ದನ್ನು ಒರೆಸಿಕೊಳ್ಳಲಿಲ್ಲ.

“ಇನ್ನೊಂದ ಸಲ ಅನ್ರೋ, ನನ್ನಪ್ಪಗಳಿರಾ” ಎಂದಳು.